ಮೈಕಿನವರಿಗೆ ಮುಂಗಡ, ಮಾತಿನವರಿಗೆ ಶಾಲು

ಯಾವುದಾದರೂ ವಿಚಾರ ಸಂಕಿರಣದ ಖರ್ಚಿನ ಪಟ್ಟಿ ತೆಗೆದು ನೋಡಿ. ಸಭಾಂಗಣದ ಬಾಡಿಗೆ, ಮೈಕ್‌ಸೆಟ್, ಬ್ಯಾನರ್, ಆಹ್ವಾನ ಪತ್ರಿಕೆ, ಊಟ-ತಿಂಡಿ, ವಿಡಿಯೊ, ಹಾರ-ತುರಾಯಿ, ಸ್ಮರಣಿಕೆ. ಇಷ್ಟಕ್ಕೂ ದರ ನಿಗದಿಯಾಗಿರುತ್ತದೆ, ಮುಂಗಡವೂ ಹೋಗಿರುತ್ತದೆ. ‘ನಮ್ಮದು ಸೇವಾ ಮನೋಭಾವದ ಕಾರ್ಯಕ್ರಮ, ಪಾಯಸವನ್ನಾದರೂ ಪುಕ್ಕಟೆ ಮಾಡಿಕೊಡಿ’ ಎಂದು ಅಡುಗೆಯವರನ್ನು ಕೇಳುವ ಧೈರ್ಯ ಯಾವ ಕಾರ್ಯದರ್ಶಿಗೂ ಇರುವುದಿಲ್ಲ. ಪಟ್ಟಿಯ ತಳದಲ್ಲಿ ‘ಅತಿಥಿಗಳಿಗೆ’ ಎಂಬ ಸಾಲೊಂದು ಸಿಗಬಹುದು. ಅದರೆದುರಿನ ಅಂಕಿ ಮಾತ್ರ ಕಾರ್ಯಕ್ರಮ ಮುಗಿಯುವವರೆಗೂ ಏರುತ್ತ ಇಳಿಯುತ್ತ ಇರುತ್ತದೆ. ಉಳಿದರೆ ಉಂಟು, ಇಲ್ಲವಾದರೆ ಶಾಲು, ಹಣ್ಣಿನ ಬುಟ್ಟಿ ಮತ್ತು ‘ತಮ್ಮ ಪ್ರೀತಿಗೆ ಬೆಲೆ ಕಟ್ಟಲಾಗದು’ ಎಂಬ ವಂದನಾರ್ಪಣೆ. ಜನ ಬಂದದ್ದು ಅತಿಥಿಗಳ ಮಾತು ಕೇಳಲಿಕ್ಕೆ ಎಂಬುದು ಎಲ್ಲರಿಗೂ ಗೊತ್ತಿದ್ದೇ ಹೀಗೆ.

2021ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ ತನ್ನ ಕಾರ್ಯಕ್ರಮಗಳಲ್ಲಿ ಹಾರ, ತುರಾಯಿ, ಶಾಲು, ಹಣ್ಣಿನ ಬುಟ್ಟಿಗಳನ್ನು ನಿಷೇಧಿಸಿ, ಕೊಡುವುದಿದ್ದರೆ ಕನ್ನಡ ಪುಸ್ತಕ ಕೊಡಿ ಎಂದು ಆದೇಶಿಸಿತು. ದುಂದು ತಡೆಯುವ ಒಳ್ಳೆಯ ಆದೇಶವೇ. ಉಳಿದ ದುಡ್ಡಿನಲ್ಲಿ ಒಂದು ಪಾಲು ಮಾತನಾಡಿದವರ ಕೈಗೆ ಹೋಗಲಿ ಎಂಬ ಸಾಲೊಂದು ಅದರಲ್ಲಿದ್ದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು.

ಇದು ಕನ್ನಡದ ವೇದಿಕೆಗಳಿಗಷ್ಟೇ ಅಂಟಿದ ಮುಜುಗರವಲ್ಲ. ಸಾಫ್ಟ್‌ವೇರ್ ಸಮ್ಮೇಳನಗಳಲ್ಲಿ, ಸಾಹಿತ್ಯೋತ್ಸವಗಳಲ್ಲಿ, ವಿಜ್ಞಾನಿಗಳ ಸಭೆಗಳಲ್ಲಿ, ವೈದ್ಯರ ಕೂಟಗಳಲ್ಲಿ ದಶಕಗಳಿಂದ ಇದೇ ಪ್ರಶ್ನೆ: ಮಾತನಾಡಲು ಕರೆದವರಿಗೆ ಹಣ ಕೊಡಬೇಕೇ? ಒಂದೊಂದು ಲೋಕ ಒಂದೊಂದು ಉತ್ತರ ಕೊಟ್ಟುಕೊಂಡಿದೆ. ಒಂದು ಕಡೆ ಗಂಟೆಯ ಭಾಷಣಕ್ಕೆ ಲಕ್ಷಾಂತರ ಡಾಲರ್, ಒಂದು ಕಡೆ ಸೊನ್ನೆ, ಮತ್ತೊಂದು ಕಡೆ ಭಾಷಣಕಾರನೇ ಶುಲ್ಕ ಕಟ್ಟಿ ವೇದಿಕೆ ಹತ್ತಬೇಕು. ಈ ಉತ್ತರಗಳನ್ನೆಲ್ಲ ಅಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಕಾಣುವುದು ಇಷ್ಟು: ಪುಕ್ಕಟೆ ಭಾಷಣ ಎಂಬುದು ಎಲ್ಲಿಯೂ ಇಲ್ಲ. ಯಾರೋ ಒಬ್ಬರು ಅದರ ಬೆಲೆ ತೆರುತ್ತಿರುತ್ತಾರೆ. ಆ ‘ಯಾರೋ’ ಯಾರು ಎಂಬುದರ ಮೇಲೆ ವೇದಿಕೆಯಿಂದ ಯಾರ ದನಿ ಕೇಳುತ್ತದೆ, ಏನು ಕೇಳುತ್ತದೆ ಎಂಬುದು ನಿಂತಿದೆ.

ಮಾತಿಗೆ ಹಣ ತೆಗೆದುಕೊಳ್ಳುವುದು ನಮ್ಮಲ್ಲಿ ಎಂದೂ ಕೀಳಾಗಿರಲಿಲ್ಲ. ಕರಾವಳಿಯ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿ ಕುಳಿತಲ್ಲೇ ಮಾತಾಡುತ್ತಾನೆ. ರಾತ್ರಿ ಪೂರ್ತಿ ಕೃಷ್ಣನಾಗಿಯೋ ಕರ್ಣನಾಗಿಯೋ ವಾದಿಸಿದವನಿಗೆ ಬೆಳಿಗ್ಗೆ ಸಂಭಾವನೆಯ ಕವರು ಸಿಗುತ್ತದೆ, ಯಾರೂ ಅದನ್ನು ಕಲೆಗೆ ಬಗೆದ ದ್ರೋಹ ಎನ್ನುವುದಿಲ್ಲ. ಹರಿಕಥೆಯ ದಾಸರಿಗೆ ಕಥೆ ಮುಗಿದ ಮೇಲೆ ಮಂಗಳಾರತಿ ತಟ್ಟೆಯ ಕಾಸು ಇದ್ದೇ ಇತ್ತು. ಹಾಸ್ಯೋತ್ಸವಗಳ ಭಾಷಣಕಾರರು ತಮ್ಮ ದರವನ್ನು ಮೊದಲೇ ಹೇಳುತ್ತಾರೆ, ಸಂಘಟಕರು ಮರುಮಾತಿಲ್ಲದೆ ಒಪ್ಪುತ್ತಾರೆ. ಬಾನುಲಿಯಂತೂ ಈ ವಿಷಯದಲ್ಲಿ ಎಲ್ಲರಿಗಿಂತ ಶಿಸ್ತಿನದು. ಯಾವುದೇ ಊರಿನ ಆಕಾಶವಾಣಿ ಕೇಂದ್ರದಲ್ಲಿ ಹೊರಗಿನವರು ಒಂದು ಭಾಷಣ ಓದಬೇಕಾದರೆ ಮೊದಲು ಕರಾರು ಪತ್ರ ಬರುತ್ತದೆ. ವಿಷಯ, ದಿನಾಂಕ, ಅವಧಿ, ಸಂಭಾವನೆಯ ಮೊತ್ತ ಎಲ್ಲವೂ ಅದರಲ್ಲೇ ಇರುತ್ತದೆ. ಮೊತ್ತ ದೊಡ್ಡದಲ್ಲ. ಆದರೆ ಅದು ಎಷ್ಟೆಂದು ಮೈಕಿನ ಮುಂದೆ ಕೂರುವ ಮೊದಲೇ ಗೊತ್ತು.

ಹಾಗಾದರೆ ವಿಚಾರ ಸಂಕಿರಣಕ್ಕೆ ಮಾತ್ರ ಈ ಸಂಕೋಚ ಎಲ್ಲಿಂದ ಬಂತು? ನನ್ನ ಊಹೆ, ಅದು ಎರಡು ಮೂಲಗಳಿಂದ ಬಂದದ್ದು. ಒಂದು, ಸ್ವಾತಂತ್ರ್ಯ ಚಳವಳಿಯ ಮತ್ತು ಏಕೀಕರಣದ ಸಭೆಗಳು. ಅಲ್ಲಿ ಮಾತಾಡುವವರು ಕೈಯಿಂದಲೇ ಕಳೆದುಕೊಂಡು ಮಾತಾಡಿದರು. ಇನ್ನೊಂದು, ವಿಶ್ವವಿದ್ಯಾಲಯ. 1930ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾಲಯ ಪ್ರಚಾರೋಪನ್ಯಾಸಗಳನ್ನು ಆರಂಭಿಸಿ ತನ್ನ ಅಧ್ಯಾಪಕರನ್ನು ತಾಲ್ಲೂಕು ಊರುಗಳಿಗೆ, ಹಳ್ಳಿಗಳಿಗೆ ಕಳಿಸಿತು. ಆ ಉಪನ್ಯಾಸಗಳು ಕಡಿಮೆ ಬೆಲೆಯ ಪುಟ್ಟ ಪುಸ್ತಕಗಳಾಗಿಯೂ ಬಂದವು. ಕನ್ನಡ ಓದುಗ ವರ್ಗವನ್ನು ಕಟ್ಟಿದ ಕೆಲಸವದು. ಅಲ್ಲಿ ಮಾತನಾಡಿದವರಿಗೆ ತಿಂಗಳ ಸಂಬಳವಿತ್ತು. ಮೊದಲನೆಯವರು ತ್ಯಾಗದಿಂದ, ಎರಡನೆಯವರು ಸಂಬಳದಿಂದ ಮಾತಿನ ಖರ್ಚು ತುಂಬಿದರು. ಇವತ್ತಿನ ಸಂಘಟಕರು ಎರಡನೆಯವರ ವ್ಯವಸ್ಥೆಯನ್ನು ಮೊದಲನೆಯವರ ಭಾಷೆಯಲ್ಲಿ ನಡೆಸುತ್ತಿದ್ದಾರೆ.

ಮಾತನ್ನು ಮಾರುಕಟ್ಟೆಗೆ ತಂದ ಕೀರ್ತಿ ಹತ್ತೊಂಬತ್ತನೆಯ ಶತಮಾನದ ಅಮೆರಿಕದ್ದು. 1826ರಲ್ಲಿ ಮ್ಯಾಸಚೂಸೆಟ್ಸ್‌ನ ಮಿಲ್‌ಬರಿಯಲ್ಲಿ ಜೊಸಾಯ ಹೋಲ್‌ಬ್ರುಕ್ ಎಂಬಾತ ಊರ ಜನರ ಜ್ಞಾನಾರ್ಜನೆಗೆಂದು ‘ಲೈಸಿಯಂ’ ಎಂಬ ಉಪನ್ಯಾಸ ಸಂಘ ಶುರು ಮಾಡಿದ. ಆರಂಭದಲ್ಲಿ ಊರಿನವರೇ ಊರಿನವರಿಗೆ ಮಾತಾಡುವ ಪದ್ಧತಿ. ಕೇಳುಗರು ಹೆಚ್ಚಿದಂತೆ ಹೊರಗಿನ ಹೆಸರಾಂತರು ಬಂದರು, ಟಿಕೆಟ್ ಬಂತು, ಟಿಕೆಟಿನ ಹಿಂದೆ ದಲ್ಲಾಳಿ ಬಂದ. 1868ರಲ್ಲಿ ಜೇಮ್ಸ್ ರೆಡ್‌ಪಾತ್ ಬಾಸ್ಟನ್‌ನಲ್ಲಿ ಉಪನ್ಯಾಸ ಏಜೆನ್ಸಿಯನ್ನೇ ತೆರೆದ. ದಿವಾಳಿಯಾಗಿದ್ದ ಮಾರ್ಕ್ ಟ್ವೇನ್ 1895ರಲ್ಲಿ ಪ್ರಪಂಚ ಸುತ್ತಿ ಭಾಷಣ ಮಾಡಲು ಹೊರಟದ್ದು ಸಾಲ ತೀರಿಸಲಿಕ್ಕೆ. ಆ ಸುತ್ತಾಟದಲ್ಲೇ ಅವನು ಭಾರತಕ್ಕೂ ಬಂದ, ಸಾಲವನ್ನೂ ಪೂರ್ತಿ ತೀರಿಸಿದ.

ಈ ಮಾರುಕಟ್ಟೆಯ ರುಚಿ ಕಂಡ ಭಾರತೀಯರಲ್ಲಿ ಮೊದಲು ನೆನಪಾಗುವವರು ಸ್ವಾಮಿ ವಿವೇಕಾನಂದರು. ಶಿಕಾಗೊ ಸಮ್ಮೇಳನದ ಭಾಷಣವನ್ನು ನಾವು ವರ್ಷ ವರ್ಷ ನೆನೆಯುತ್ತೇವೆ. ಅದರ ನಂತರ ಏನಾಯಿತು ಎಂಬುದು ಅಷ್ಟು ಪ್ರಚಾರದಲ್ಲಿಲ್ಲ. 1893ರ ಸೆಪ್ಟೆಂಬರ್‌ನಲ್ಲಿ ಹೆಸರು ಮಾಡಿದ ಮೇಲೆ ಅವರು ಸ್ಲೇಟನ್ ಲೈಸಿಯಂ ಬ್ಯೂರೊ ಎಂಬ ಸಂಸ್ಥೆಯೊಂದಿಗೆ ಮೂರು ವರ್ಷಗಳ ಕರಾರಿಗೆ ಸಹಿ ಹಾಕಿದರು. ಊರೂರು ಸುತ್ತಿ ಭಾಷಣ ಮಾಡಿ, ಬಂದ ಹಣವನ್ನು ಭಾರತದ ಕೆಲಸಕ್ಕೆ ಬಳಸುವುದು ಉದ್ದೇಶ. 1894ರ ಜುಲೈನಲ್ಲಿ ಅಳಸಿಂಗ ಪೆರುಮಾಳರಿಗೆ ಅವರು ಬರೆದ ಪತ್ರದಲ್ಲಿ ಲೆಕ್ಕ ಸ್ಪಷ್ಟವಾಗಿದೆ. ಡೆಟ್ರಾಯ್ಟ್‌ನ ಒಂದು ಉಪನ್ಯಾಸಕ್ಕೆ 900 ಡಾಲರ್ ಬಂತು. ಇನ್ನೊಂದು ಉಪನ್ಯಾಸದಲ್ಲಿ ಒಂದು ಗಂಟೆಗೆ 2,500 ಡಾಲರ್ ಹುಟ್ಟಿತು, ಆದರೆ ಅವರ ಕೈಗೆ ಬಂದದ್ದು 200 ಮಾತ್ರ. ಬ್ಯೂರೊ ತಮಗೆ ಮೋಸ ಮಾಡಿತೆಂದು, ಅದನ್ನು ಬಿಟ್ಟೆನೆಂದು ಸ್ವಾಮೀಜಿ ಬರೆದಿದ್ದಾರೆ. ಪತ್ರ ಪಡೆದ ಅಳಸಿಂಗರು ಹುಟ್ಟಿದ್ದು ಚಿಕ್ಕಮಗಳೂರಿನಲ್ಲಿ. ಮದರಾಸಿನಲ್ಲಿ ಮನೆ ಮನೆ ತಿರುಗಿ ಚಂದಾ ಎತ್ತಿ ಗುರುವನ್ನು ಹಡಗು ಹತ್ತಿಸಿದವರು ಅವರೇ. ಆ ಲೆಕ್ಕ ಓದಿ ಅವರಿಗೆ ಏನನ್ನಿಸಿರಬಹುದು ಎಂದು ನಾನು ಕುತೂಹಲಪಡುವುದುಂಟು.

ಇಲ್ಲಿ ಗಮನಿಸಬೇಕಾದದ್ದು ಸ್ವಾಮೀಜಿ ಮುಂದೆ ಹಿಡಿದ ದಾರಿ. 1895ರಲ್ಲಿ ನ್ಯೂಯಾರ್ಕಿನಲ್ಲಿ ಅವರು ನಡೆಸಿದ ವೇದಾಂತದ ತರಗತಿಗಳಿಗೆ ಶುಲ್ಕವಿರಲಿಲ್ಲ. ಧರ್ಮಬೋಧನೆಗೆ ಹಣ ಮುಟ್ಟಲು ಅವರ ಮನಸ್ಸು ಒಪ್ಪಲಿಲ್ಲ. ಖರ್ಚಿಗೆ ಬೇಕಾದುದನ್ನು ಭಾರತದ ಬಗ್ಗೆ ಸಾರ್ವಜನಿಕ ಉಪನ್ಯಾಸ ಮಾಡಿ ದುಡಿದರು. ಯಾವ ಮಾತಿಗೆ ಹಣ, ಯಾವುದಕ್ಕೆ ಇಲ್ಲ ಎಂಬುದನ್ನು ಮಾತನಾಡುವವರೇ ತೀರ್ಮಾನಿಸಿದರು. ಸಂಘಟಕರು ಭಾಷಣಕಾರರ ಪರವಾಗಿ ತ್ಯಾಗ ಮಾಡುವ ಇವತ್ತಿನ ರೂಢಿಗೂ ಇದಕ್ಕೂ ಬಹಳ ದೂರ. ರವೀಂದ್ರನಾಥ ಠಾಕೂರರೂ 1916ರಲ್ಲಿ ಅಮೆರಿಕದಲ್ಲಿ ಹಣ ಪಡೆದು ಉಪನ್ಯಾಸ ಪ್ರವಾಸ ಮಾಡಿದರು, ಶಾಂತಿನಿಕೇತನದ ಶಾಲೆಗಾಗಿ. ರಾಷ್ಟ್ರೀಯತೆಯನ್ನು ಕಟುವಾಗಿ ಟೀಕಿಸಿದ ಅವರ ಪ್ರಸಿದ್ಧ ಉಪನ್ಯಾಸ ಆ ಪ್ರವಾಸದ್ದೇ. ದುಡ್ಡು ತೆಗೆದುಕೊಂಡರೆ ಕೇಳುಗರಿಗೆ ಹಿತವಾದದ್ದನ್ನೇ ಹೇಳಬೇಕಾಗುತ್ತದೆ ಎನ್ನುವವರು ಅದನ್ನೊಮ್ಮೆ ತಿರುವಿ ನೋಡಬೇಕು.

ಈಚಿನ ದಿನಗಳಲ್ಲಿ ಈ ವಾದ ಸಾರ್ವಜನಿಕವಾಗಿ ಸ್ಫೋಟಿಸಿದ್ದು ಇಂಗ್ಲೆಂಡಿನಲ್ಲಿ. 2016ರ ಜನವರಿಯಲ್ಲಿ ಕಾದಂಬರಿಕಾರ ಫಿಲಿಪ್ ಪುಲ್‌ಮನ್ ಆಕ್ಸ್‌ಫರ್ಡ್ ಸಾಹಿತ್ಯೋತ್ಸವದ ಪೋಷಕ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಆಗ ಅವರು ಬ್ರಿಟನ್ನಿನ ಲೇಖಕರ ಸಂಘದ ಅಧ್ಯಕ್ಷರು. ಲೇಖಕರಿಗೆ ಹಣ ಕೊಡಿ ಎಂದು ಸಂಘ ಪ್ರಚಾರ ಮಾಡುತ್ತಿರುವಾಗ ಹಣ ಕೊಡದ ಉತ್ಸವಕ್ಕೆ ತಾವು ಪೋಷಕರಾಗಿರುವುದು ಹೇಗೆ ಎಂಬುದು ಅವರ ಪ್ರಶ್ನೆ. ಪೆಂಡಾಲಿನವರಿಗೆ, ಮುದ್ರಕರಿಗೆ, ಊಟದವರಿಗೆ ಹಣ ಸಿಗುತ್ತದೆ. ಜನ ಟಿಕೆಟ್ ಕೊಂಡು ಯಾರನ್ನು ನೋಡಲು ಬರುತ್ತಾರೋ ಅವರಿಗೆ ಮಾತ್ರ ಇಲ್ಲ ಎಂಬ ಅವರ ದೂರು ಗದಗಿನಲ್ಲೋ ಶಿವಮೊಗ್ಗದಲ್ಲೋ ಕುಳಿತು ಬರೆದಂತಿತ್ತು. ಬೇರೆ ಲೇಖಕರೂ ದನಿಗೂಡಿಸಿ, ಹಣ ಕೊಡದ ಉತ್ಸವಗಳನ್ನು ಬಹಿಷ್ಕರಿಸೋಣ ಎಂದರು.

ಉತ್ಸವಗಳ ಕಡೆಯ ಉತ್ತರ ಹಳೆಯದೇ: ಪುಸ್ತಕ ಮಾರಾಟವಾಗುತ್ತದಲ್ಲ, ಪ್ರಚಾರ ಸಿಗುತ್ತದಲ್ಲ. ಬ್ರಿಟನ್ನಿನ ಲೇಖಕರ ಹಕ್ಕು ಸಂಸ್ಥೆಯೊಂದು ಮಾಡಿಸಿದ ಸಮೀಕ್ಷೆಯ ಪ್ರಕಾರ, ಬರವಣಿಗೆಯನ್ನೇ ಮುಖ್ಯ ಕಸುಬಾಗಿಸಿಕೊಂಡವರ ವಾರ್ಷಿಕ ಗಳಿಕೆಯ ಮಧ್ಯಾಂಕ 2006ರಲ್ಲಿ 12,330 ಪೌಂಡ್ ಇದ್ದದ್ದು 2022ರ ಹೊತ್ತಿಗೆ 7,000ಕ್ಕೆ ಇಳಿದಿತ್ತು. ಸಾಹಿತ್ಯೋತ್ಸವಗಳು ಎಲ್ಲೆಲ್ಲೂ ಹುಟ್ಟಿಕೊಂಡ ವರ್ಷಗಳು ಇವೇ. ಪ್ರಚಾರದಿಂದ ಹೊಟ್ಟೆ ತುಂಬುವುದಾಗಿದ್ದರೆ ಗಳಿಕೆ ಏರಬೇಕಿತ್ತು. ಅದೇ ದೇಶದ ಎಡಿನ್‌ಬರೊ ಪುಸ್ತಕೋತ್ಸವ ಬಹಳ ಕಾಲದಿಂದ ಬೇರೆ ದಾರಿ ಹಿಡಿದಿದೆ: ವೇದಿಕೆಗೆ ಬಂದ ಎಲ್ಲ ಲೇಖಕರಿಗೂ ಒಂದೇ ಮೊತ್ತ, ನೊಬೆಲ್ ಪಡೆದವರಿಗೂ ಅಷ್ಟೇ, ಮೊದಲ ಪುಸ್ತಕ ಬರೆದವರಿಗೂ ಅಷ್ಟೇ. ಈ ಸಮಾನತೆ ನನಗೆ ಬಹಳ ಹಿಡಿಸಿದೆ. ನಮ್ಮಲ್ಲಿ ಒಂದೇ ಗೋಷ್ಠಿಯಲ್ಲಿ ಅಕ್ಕಪಕ್ಕ ಕುಳಿತ ಇಬ್ಬರಿಗೆ ಬೇರೆ ಬೇರೆ ದಪ್ಪದ ಕವರುಗಳು ಹೋಗುವುದನ್ನು ಕಂಡವರಿಗೆ ಅದರ ಬೆಲೆ ಗೊತ್ತಾಗುತ್ತದೆ.

‘ಪ್ರಚಾರವೇ ಪ್ರತಿಫಲ’ ಎಂಬ ವಾದವನ್ನು ಶಾಸ್ತ್ರವಾಗಿಸಿದ ಸಂಸ್ಥೆ ಟೆಡ್. 1984ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಈ ಸಮ್ಮೇಳನದ ಮುಖ್ಯ ಸಭೆಗೆ ಇವತ್ತು ಪ್ರವೇಶ ಶುಲ್ಕ ಸಾವಿರಾರು ಡಾಲರ್. ಭಾಷಣಕಾರರಿಗೆ ಮಾತ್ರ ಸಂಭಾವನೆ ಇಲ್ಲ. ಪ್ರಯಾಣ, ವಸತಿ ನೋಡಿಕೊಳ್ಳುತ್ತಾರೆ. ಅದರ ಹೆಸರಲ್ಲಿ ಊರೂರುಗಳಲ್ಲಿ ನಡೆಯುವ ಟೆಡ್‌ಎಕ್ಸ್ ಕಾರ್ಯಕ್ರಮಗಳಿಗೂ ಭಾಷಣಕಾರರಿಗೆ ಹಣ ಕೊಡಕೂಡದೆಂಬ ನಿಯಮವಿದೆ. 2009ರ ನವೆಂಬರ್‌ನಲ್ಲಿ ಟೆಡ್ ಇಂಡಿಯಾ ನಡೆದದ್ದು ನಮ್ಮ ಮೈಸೂರಿನ ಇನ್ಫೊಸಿಸ್ ಆವರಣದಲ್ಲಿ. 2006ರಿಂದ ಭಾಷಣಗಳನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ಬಿಟ್ಟಿಯಾಗಿ ಒದಗಿಸುತ್ತಿರುವುದರಿಂದ ಟೆಡ್‌ನ ವಾದಕ್ಕೆ ಒಂದಿಷ್ಟು ತೂಕವಿದೆ: ಹದಿನೆಂಟು ನಿಮಿಷದ ಭಾಷಣ ಕೋಟಿ ಜನರನ್ನು ಮುಟ್ಟಿ, ಭಾಷಣಕಾರರ ಬದುಕೇ ಬದಲಾದದ್ದುಂಟು. ಹಾಗೆ ಬದಲಾದದ್ದು ಹೇಗೆ? ಟೆಡ್‌ನಲ್ಲಿ ಮಾತಾಡಿದ ಮೇಲೆ ಬೇರೆ ಕಡೆ ದೊಡ್ಡ ಮೊತ್ತಕ್ಕೆ ಮಾತಾಡಿ. ಅಂದರೆ ಟೆಡ್‌ನ ಬಿಲ್ಲನ್ನು ಬೇರೆ ಸಮ್ಮೇಳನಗಳು ತುಂಬುತ್ತಿವೆ. ಅಂಥ ಪ್ರಚಾರ ಕೊಡುವ ಶಕ್ತಿ ಟೆಡ್‌ಗೆ ಇದೆ. ಟೆಡ್‌ನ ನೀತಿಯನ್ನು ನಕಲು ಮಾಡುವ ಜಿಲ್ಲಾ ಕೇಂದ್ರದ ಮ್ಯಾನೇಜ್‌ಮೆಂಟ್ ಕಾಲೇಜಿಗೆ ಇಲ್ಲ.

ಸಾಫ್ಟ್‌ವೇರ್ ಲೋಕದ ಕಥೆ ಬೆಂಗಳೂರಿನವರಿಗೆ ಹತ್ತಿರದ್ದು. ಇಲ್ಲಿನ ಸಮ್ಮೇಳನಗಳಲ್ಲಿ ಎರಡು ಕುಲಗಳಿವೆ, ಅವೆರಡನ್ನೂ ಬೆರೆಸಿ ಮಾತಾಡುವುದರಿಂದಲೇ ಅರ್ಧ ಜಗಳ ಹುಟ್ಟುವುದು. ಒಂದು ಸಮುದಾಯದ ಸಮ್ಮೇಳನ. ಪ್ರತಿ ವರ್ಷ ಬ್ರಸೆಲ್ಸ್‌ನಲ್ಲಿ ಮುಕ್ತ ತಂತ್ರಾಂಶದವರು ಸೇರುವ ಫಾಸ್ಡೆಮ್‌ಗೆ ಪ್ರವೇಶ ಶುಲ್ಕವಿಲ್ಲ, ನಡೆಸುವವರು ಸ್ವಯಂಸೇವಕರು, ಭಾಷಣಕಾರರಿಗೂ ಸಂಭಾವನೆಯಿಲ್ಲ. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯವರ ಅಮೆರಿಕದ ಸಮ್ಮೇಳನವಾದ ಪೈಕಾನ್‌ನಲ್ಲಿ ಬಹಳ ವರ್ಷ ‘ಎಲ್ಲರೂ ಹಣ ಕಟ್ಟಬೇಕು’ ಎಂಬ ನಿಯಮವಿತ್ತು. ಭಾಷಣಕಾರರೂ ಸಂಘಟಕರೂ ಟಿಕೆಟ್ ಕೊಳ್ಳುತ್ತಿದ್ದರು, ಕೈಲಾಗದವರಿಗೆ ನೆರವಿನ ನಿಧಿ ಇತ್ತು. 2009ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶುರುವಾದ ಪೈಕಾನ್ ಇಂಡಿಯಾ ಇದೇ ಸ್ವಯಂಸೇವೆಯ ವಂಶದ್ದು. ಇವತ್ತು ಮಾತಾಡಿದವನು ನಾಳೆ ಕೇಳುಗ, ನಾಡಿದ್ದು ಕುರ್ಚಿ ಹೊರುವವನು. ಇಲ್ಲಿ ಸಂಭಾವನೆ ಕೇಳುವುದು ಮನೆಯವರೇ ಮನೆಯ ಊಟಕ್ಕೆ ಬಿಲ್ ಕೇಳಿದಂತೆ.

ಇನ್ನೊಂದು ಕುಲ, ಲಾಭಕ್ಕಾಗಿ ಅಥವಾ ಉತ್ಪನ್ನ ಮಾರಲಿಕ್ಕಾಗಿ ಪಂಚತಾರಾ ಹೋಟೆಲಿನಲ್ಲಿ ನಡೆಯುವ ಸಮ್ಮೇಳನ. ಟಿಕೆಟಿಗೆ ಹತ್ತಾರು ಸಾವಿರ ರೂಪಾಯಿ, ಪ್ರಾಯೋಜಕರ ಹೆಸರಿಗೆ ಲಕ್ಷಗಟ್ಟಲೆ. ಇಲ್ಲಿಯೂ ಭಾಷಣಕಾರರಲ್ಲಿ ಹೆಚ್ಚಿನವರಿಗೆ ಸಿಗುವುದು ಒಂದು ಪಾಸು, ಟಿ-ಶರ್ಟು, ಲಿಂಕ್ಡ್‌ಇನ್‌ನಲ್ಲಿ ಹಾಕಿಕೊಳ್ಳಲು ಒಂದು ಫೋಟೊ. ನಲವತ್ತು ನಿಮಿಷದ ತಾಂತ್ರಿಕ ಭಾಷಣಕ್ಕೆ ಕೆಲಸ ಎಷ್ಟಿರುತ್ತದೆ ಎಂಬುದು ಮಾಡಿದವರಿಗೆ ಗೊತ್ತು: ಪ್ರಸ್ತಾವ ಬರೆಯಬೇಕು, ಕೋಡ್ ಬರೆದು ಓಡಿಸಿ ನೋಡಬೇಕು, ಸ್ಲೈಡ್ ಮಾಡಬೇಕು, ತಾಲೀಮು ಮಾಡಬೇಕು. ಎಷ್ಟೋ ವಾರಾಂತ್ಯಗಳು ಅದಕ್ಕೇ ಹೋಗುತ್ತವೆ. ದೊಡ್ಡ ಕಂಪನಿಯ ಎಂಜಿನಿಯರಿಗೆ ಇದು ನಷ್ಟವಲ್ಲ. ಅವರಿಗೆ ಆ ದಿನದ ಸಂಬಳವಿದೆ. ‘ಡೆವಲಪರ್ ರಿಲೇಷನ್ಸ್’ ಎಂಬ ಹುದ್ದೆಯವರಿಗಂತೂ ಊರೂರು ತಿರುಗಿ ಮಾತಾಡುವುದೇ ಕೆಲಸ. ಸ್ವಂತವಾಗಿ ಸಣ್ಣ ಕೆಲಸ ಹಿಡಿದು ಬದುಕುವವರಿಗೆ ಮಾತ್ರ ಪ್ರತಿ ಭಾಷಣವೂ ಕೈಯಿಂದ ಹೋದ ದುಡಿಮೆ.

ಪರಿಣಾಮ ವೇದಿಕೆಯಲ್ಲಿ ಕಾಣುತ್ತದೆ. ಯಾವ ಉತ್ಪನ್ನ ಬೇಡ, ಯಾವುದಕ್ಕೆ ಸುಮ್ಮನೆ ಹಣ ಹಾಳು ಎಂದು ಹೇಳಬಲ್ಲ ಸ್ವತಂತ್ರರು ಕಡಿಮೆಯಾಗುತ್ತಾರೆ. ತಮ್ಮ ಕಂಪನಿಯ ಉತ್ಪನ್ನ ಎಷ್ಟು ಚೆನ್ನ ಎಂದು ಹೇಳುವವರು ಹೆಚ್ಚಾಗುತ್ತಾರೆ. ಟಿಕೆಟ್ ಕೊಂಡು ಬಂದವರು ಜಾಹೀರಾತು ಕೇಳಿ ಮನೆಗೆ ಹೋಗುತ್ತಾರೆ. ಸಂಭಾವನೆ ಕೊಡದೆ ಸಂಘಟಕರು ಉಳಿಸಿದ ಹಣವನ್ನು ಕೇಳುಗರು ಹೀಗೆ ತೆರುತ್ತಾರೆ.

ವಿಜ್ಞಾನಿಗಳ ಲೋಕದಲ್ಲಿ ಲೆಕ್ಕ ತಲೆಕೆಳಗು. ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಪ್ರಬಂಧ ಒಪ್ಪಿತವಾದರೆ ಮಂಡಿಸುವವರೇ ನೋಂದಣಿ ಶುಲ್ಕ ಕಟ್ಟಬೇಕು. ಕಂಪ್ಯೂಟರ್ ವಿಜ್ಞಾನದ ಹಲವು ಸಮ್ಮೇಳನಗಳಲ್ಲಿ ಲೇಖಕರಲ್ಲಿ ಒಬ್ಬರಾದರೂ ನೋಂದಾಯಿಸದಿದ್ದರೆ ಪ್ರಬಂಧವೇ ಅಚ್ಚಾಗುವುದಿಲ್ಲ. ಹೊರಗಿನವರಿಗೆ ವಿಚಿತ್ರವೆನಿಸಿದರೂ ಇದರ ಹಿಂದೆ ತರ್ಕವಿದೆ. ನೂರಾರು ಜನ ಮಂಡಿಸುತ್ತಾರೆ, ಮಂಡಿಸುವವರೇ ಕೇಳುಗರು, ಮಂಡನೆಯಿಂದ ಬಡ್ತಿಗೋ ಪಿಎಚ್‌ಡಿಗೋ ಅನುಕೂಲವಾಗುವುದೂ ಅವರಿಗೇ. ಆಶಯ ಭಾಷಣಕ್ಕೆ ಕರೆಸಿದವರಿಗೆ ಮಾತ್ರ ಪ್ರಯಾಣ, ವಸತಿ, ಒಂದಿಷ್ಟು ಗೌರವಧನ. ಇದು ಸಂಶೋಧನಾ ಅನುದಾನ ಇರುವವರಿಗೆ ಸರಿ. ಅತಿಥಿ ಉಪನ್ಯಾಸಕರಾಗಿ ದುಡಿಯುತ್ತ ಸಂಶೋಧನೆ ಮಾಡುವವರಿಗೆ ಆ ಶುಲ್ಕ ತಿಂಗಳ ಗಳಿಕೆಯನ್ನೇ ನುಂಗಬಹುದು.

ಮಾತಾಡುವವನೇ ಹಣ ಕೊಡುವ ವ್ಯವಸ್ಥೆ ಕೊಳೆತರೆ ಏನಾಗುತ್ತದೆ ಎಂಬುದಕ್ಕೆ ನೆರೆಯ ಹೈದರಾಬಾದಿನ ಉದಾಹರಣೆ ಇದೆ. ಅಲ್ಲಿನ ಒಮಿಕ್ಸ್ ಎಂಬ ಸಂಸ್ಥೆ ನೂರಾರು ಪತ್ರಿಕೆಗಳನ್ನೂ ಸಮ್ಮೇಳನಗಳನ್ನೂ ನಡೆಸುತ್ತಿತ್ತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2016ರಲ್ಲಿ ಅದರ ಮೇಲೆ ಮೊಕದ್ದಮೆ ಹೂಡಿತು. ಸಮ್ಮೇಳನಗಳಿಗೆ ಹೆಸರಾಂತ ವಿಜ್ಞಾನಿಗಳು ಬರುತ್ತಾರೆಂದು ಅವರ ಒಪ್ಪಿಗೆಯಿಲ್ಲದೆ ಹೆಸರು ಹಾಕಿ ಜನರಿಂದ ಶುಲ್ಕ ವಸೂಲಿ ಮಾಡಿದ್ದು ಆರೋಪಗಳಲ್ಲೊಂದು. 2019ರಲ್ಲಿ ಅಮೆರಿಕದ ನ್ಯಾಯಾಲಯ 5 ಕೋಟಿ ಡಾಲರಿಗೂ ಹೆಚ್ಚು ದಂಡ ಕಟ್ಟುವಂತೆ ತೀರ್ಪಿತ್ತಿತು. ಅಂಥ ಸಭೆಗಳಿಗೆ ಹಣ ಕಟ್ಟಿ ಹೋದವರೆಲ್ಲ ಮೋಸ ಹೋದವರೂ ಅಲ್ಲ. ಬಡ್ತಿಯ ಅಂಕಕ್ಕೆ ಒಂದು ಪ್ರಮಾಣಪತ್ರ ಬೇಕಿದ್ದವರೂ ಅವರಲ್ಲಿದ್ದರು ಎಂದುಕೊಳ್ಳಲು ನಮ್ಮ ಕಾಲೇಜುಗಳನ್ನು ಬಲ್ಲವರಿಗೆ ಕಷ್ಟವಾಗದು.

ಇಷ್ಟು ಓದಿದವರು ನಾನು ಎಲ್ಲ ಕಡೆಯೂ ಹಣ ಕೊಡಿ ಎನ್ನುವವನೆಂದುಕೊಳ್ಳಬಹುದು. ವೈದ್ಯಲೋಕದ ಕಥೆ ಕೇಳಿದರೆ ಆ ಉತ್ಸಾಹ ತಣ್ಣಗಾಗುತ್ತದೆ. ಅಮೆರಿಕದಲ್ಲಿ ಔಷಧ ಕಂಪನಿಗಳು ವೈದ್ಯರಿಂದ ಇತರ ವೈದ್ಯರಿಗೆ ಭಾಷಣ ಮಾಡಿಸುವ ‘ಸ್ಪೀಕರ್ ಪ್ರೋಗ್ರಾಂ’ಗಳನ್ನು ನಡೆಸುತ್ತವೆ. ದುಬಾರಿ ಹೋಟೆಲಿನಲ್ಲಿ ಊಟ, ಗ್ಲಾಸಿನಲ್ಲಿ ಮದ್ಯ, ಕಂಪನಿ ಕೊಟ್ಟ ಸ್ಲೈಡುಗಳು, ಓದಿದ ವೈದ್ಯನಿಗೆ ದಪ್ಪ ಚೆಕ್. ಮೂರು ವರ್ಷಗಳಲ್ಲಿ ಕಂಪನಿಗಳು ಇಂಥ ಭಾಷಣಗಳ ಲೆಕ್ಕದಲ್ಲಿ ಸುಮಾರು 200 ಕೋಟಿ ಡಾಲರ್ ಕೊಟ್ಟಿವೆ ಎಂದು 2020ರ ನವೆಂಬರ್‌ನಲ್ಲಿ ಅಲ್ಲಿನ ಆರೋಗ್ಯ ಇಲಾಖೆಯ ತನಿಖಾ ವಿಭಾಗ ಎಚ್ಚರಿಕೆ ಹೊರಡಿಸಿತು. ಅದೇ ವರ್ಷ ಜುಲೈನಲ್ಲಿ ನೊವಾರ್ಟಿಸ್ ಕಂಪನಿ 67.8 ಕೋಟಿ ಡಾಲರ್ ಕಟ್ಟಿ ಮೊಕದ್ದಮೆಯೊಂದನ್ನು ಬಗೆಹರಿಸಿಕೊಂಡಿತ್ತು. ತನ್ನ ಔಷಧ ಬರೆಯಲಿ ಎಂದು ಹೆಸರಿಗಷ್ಟೇ ಭಾಷಣ ಏರ್ಪಡಿಸಿ ವೈದ್ಯರಿಗೆ ಹಣ ಹಂಚಿತು ಎಂಬುದು ಆರೋಪ. ಅಲ್ಲಿ 2010ರ ಕಾಯ್ದೆಯ ಪ್ರಕಾರ ಯಾವ ಕಂಪನಿ ಯಾವ ವೈದ್ಯರಿಗೆ ಎಷ್ಟು ಕೊಟ್ಟಿತೆಂಬುದು ಸಾರ್ವಜನಿಕ ಮಾಹಿತಿ. ರೋಗಿಯೇ ನೋಡಿಕೊಳ್ಳಬಹುದು.

ನಮ್ಮಲ್ಲಿ 2024ರ ಮಾರ್ಚ್‌ನಲ್ಲಿ ಕೇಂದ್ರದ ಔಷಧ ಇಲಾಖೆ ಹೊರಡಿಸಿದ ಸಂಹಿತೆ, ಸಮ್ಮೇಳನಗಳಿಗೆ ಹೋಗುವ ವೈದ್ಯರಿಗೆ ಕಂಪನಿಗಳು ಪ್ರಯಾಣ, ಹೋಟೆಲ್ ಖರ್ಚು ಕೊಡಬಾರದೆನ್ನುತ್ತದೆ. ಒಂದು ವಿನಾಯಿತಿ: ವೈದ್ಯರು ಅಲ್ಲಿ ಭಾಷಣಕಾರರಾಗಿದ್ದರೆ ಕೊಡಬಹುದು. ವಿನಾಯಿತಿ ನ್ಯಾಯವಾದದ್ದೇ, ದುಡಿದವರಿಗೆ ಖರ್ಚು ಸಿಗಬೇಕು. ಆದರೆ ಬಾಗಿಲಿಗೆ ಬೀಗ ಹಾಕಿ ಕಿಟಕಿಯನ್ನು ಭಾಷಣಕಾರರ ಹೆಸರಲ್ಲಿ ತೆರೆದಿಟ್ಟರೆ ಸಭೆಯಲ್ಲಿ ಕೇಳುಗರಿಗಿಂತ ಭಾಷಣಕಾರರೇ ಹೆಚ್ಚಾಗುವ ದಿನ ದೂರವಿಲ್ಲ.

ರಾಜಕಾರಣಿಗಳ ಭಾಷಣದ ದರವೂ ಇದೇ ಜಾತಿಯ ರೋಗ. ಅಧಿಕಾರ ಬಿಟ್ಟ ಕೆಲವೇ ತಿಂಗಳಲ್ಲಿ, 1989ರಲ್ಲಿ, ರೊನಾಲ್ಡ್ ರೇಗನ್ ಜಪಾನಿನ ಮಾಧ್ಯಮ ಸಂಸ್ಥೆಯೊಂದರಿಂದ 20 ಲಕ್ಷ ಡಾಲರ್ ಪಡೆದು ಅಲ್ಲಿಗೆ ಹೋಗಿ ಭಾಷಣ ಮಾಡಿದರು. ಹಿಲರಿ ಕ್ಲಿಂಟನ್ 2013ರಲ್ಲಿ ಗೋಲ್ಡ್‌ಮನ್ ಸ್ಯಾಕ್ಸ್‌ಗೆ ಮಾಡಿದ ಮೂರು ಭಾಷಣಗಳಿಗೆ 6,75,000 ಡಾಲರ್ ಪಡೆದದ್ದು 2016ರ ಚುನಾವಣೆಯಲ್ಲಿ ಅವರನ್ನು ಬೆನ್ನಟ್ಟಿತು. ಯಾವ ಭಾಷಣವೂ ಅಷ್ಟು ಬೆಲೆ ಬಾಳುವುದಿಲ್ಲ. ಅಲ್ಲಿ ಕೊಳ್ಳಲಾಗುವುದು ಮಾತಲ್ಲ, ಸಾಮೀಪ್ಯ. ಅಮೆರಿಕದ ಕಾಂಗ್ರೆಸ್ ತನ್ನ ಸದಸ್ಯರು ಭಾಷಣಕ್ಕೆ ಸಂಭಾವನೆ ಪಡೆಯುವುದನ್ನು ಮೂರು ದಶಕಗಳ ಹಿಂದೆಯೇ ನಿಲ್ಲಿಸಿತು. ಅದೇ ನಿಷೇಧವನ್ನು ಸಾಮಾನ್ಯ ಸರ್ಕಾರಿ ನೌಕರರಿಗೂ ಹೇರಿದ್ದನ್ನು 1995ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ರದ್ದುಪಡಿಸಿತು, ವಾಕ್ ಸ್ವಾತಂತ್ರ್ಯಕ್ಕೆ ಅಡ್ಡಿ ಎಂದು. ಗುಮಾಸ್ತನೊಬ್ಬ ಬಿಡುವಿನಲ್ಲಿ ಇತಿಹಾಸದ ಬಗ್ಗೆ ಮಾತಾಡಿ ನಾಲ್ಕು ಕಾಸು ಪಡೆಯುವುದಕ್ಕೂ ಸಂಸದ ಬ್ಯಾಂಕಿನವರಿಂದ ಪಡೆಯುವುದಕ್ಕೂ ವ್ಯತ್ಯಾಸವಿದೆ ಎಂಬ ವಿವೇಕ ಆ ತೀರ್ಪಿನ ಹಿಂದಿದೆ.

ಹಾಗಾಗಿ ‘ಕೊಡಬೇಕೇ ಬೇಡವೇ’ ಎಂದು ಒಂದೇ ಉಸಿರಿನಲ್ಲಿ ಕೇಳುವುದು ತಪ್ಪು. ಮಾತಿನಿಂದ ಯಾರಿಗೆ ಲಾಭ ಎಂದು ಮೊದಲು ಕೇಳಬೇಕು. ಟಿಕೆಟ್ ಮಾರುವವರಿಗೆ, ಪ್ರಾಯೋಜಕರನ್ನು ಹಿಡಿಯುವವರಿಗೆ ಲಾಭವಿದ್ದರೆ ಅವರು ಭಾಷಣಕಾರರಿಗೆ ಹಣ ಕೊಡಬೇಕು, ಅದರಲ್ಲಿ ಚೌಕಾಸಿಗೆ ಜಾಗವಿಲ್ಲ. ಎಲ್ಲರೂ ಎಲ್ಲರಿಗಾಗಿ ದುಡಿಯುವ ಸಂಘಗಳಲ್ಲಿ ಸಂಭಾವನೆ ಬೇಡ, ಕೈಯಿಂದ ಖರ್ಚಾಗದಿದ್ದರೆ ಸಾಕು. ಮಾತಾಡುವವನ ನಾಲಿಗೆಯಿಂದಲೇ ಹಣ ಕೊಟ್ಟವನಿಗೆ ಲಾಭವಾಗುವಂತಿದ್ದರೆ, ಔಷಧ ಕಂಪನಿಗಳಲ್ಲಿ ಆಗುವಂತೆ, ಮೊತ್ತವನ್ನು ಮೊದಲ ಸ್ಲೈಡಿನಲ್ಲೇ ಹಾಕಬೇಕು.

ನಮ್ಮ ಸಾಹಿತ್ಯ ಸಮ್ಮೇಳನಗಳು ಇದರಲ್ಲಿ ಎಲ್ಲಿ ಬರುತ್ತವೆ? 1915ರಲ್ಲಿ ಬೆಂಗಳೂರಿನಲ್ಲಿ ಎಚ್.ವಿ. ನಂಜುಂಡಯ್ಯನವರ ಅಧ್ಯಕ್ಷತೆಯಲ್ಲಿ ಆರಂಭವಾದ ಸಮ್ಮೇಳನ 2024ರ ಡಿಸೆಂಬರ್‌ನಲ್ಲಿ ಮಂಡ್ಯಕ್ಕೆ ಬರುವಾಗ 87ನೆಯದಾಗಿತ್ತು. ಇವತ್ತು ಅದು ನಡೆಯುವುದು ಮುಖ್ಯವಾಗಿ ಸರ್ಕಾರದ, ಅಂದರೆ ತೆರಿಗೆದಾರರ ಹಣದಲ್ಲಿ. ಲಾಭದ ಮಾತಿಲ್ಲ, ಟಿಕೆಟ್ ಇಲ್ಲ. ಆದರೂ ಇಲ್ಲಿ ಕಣ್ಣಿಗೆ ಕಾಣದ ಸಂಭಾವನೆಯೊಂದಿದೆ: ಓಓಡಿ. ಸರ್ಕಾರಿ ನೌಕರರಿಗೆ, ಮೇಷ್ಟರಿಗೆ, ಪ್ರಾಧ್ಯಾಪಕರಿಗೆ ಅನ್ಯಕಾರ್ಯ ನಿಮಿತ್ತ ರಜೆ ಸಿಗುತ್ತದೆ, ಸಂಬಳ ನಿಲ್ಲುವುದಿಲ್ಲ. ಅವರು ಮಾತಾಡಿದ ದಿನದ ಕೂಲಿಯನ್ನು ಸರ್ಕಾರ ಕೊಟ್ಟೇ ಇರುತ್ತದೆ. ಕೊಪ್ಪಳದ ಕಡೆಯಿಂದ ರಾತ್ರಿ ಬಸ್ಸು ಹಿಡಿದು ಬರುವ ಕೃಷಿಕ ಕವಿಗೆ, ಮನೆಯಲ್ಲಿ ಮಗುವನ್ನು ಬಿಟ್ಟು ಬರಬೇಕಾದ ಗುತ್ತಿಗೆ ನೌಕರಳಿಗೆ ಯಾವ ಓಓಡಿಯೂ ಇಲ್ಲ. ಸಿಗುವ ಗೌರವಧನದಲ್ಲಿ ಆ ದಿನಗಳ ದುಡಿಮೆಯೂ ಹುಟ್ಟುವುದಿಲ್ಲ. ಗೋಷ್ಠಿಗಳಲ್ಲಿ ಪ್ರಾಧ್ಯಾಪಕರೇ ಏಕೆ ತುಂಬಿರುತ್ತಾರೆ ಎಂದು ಪತ್ರಿಕೆಗಳಿಗೆ ಪತ್ರ ಬರೆಯುವವರು ಸ್ವಜನಪಕ್ಷಪಾತವನ್ನು ಮಾತ್ರ ದೂರುತ್ತಾರೆ. ರಜೆಯ ನಿಯಮವನ್ನೂ ದೂರಬೇಕು.

ಹಣ ಕೊಡುವುದರ ವಿರುದ್ಧ ನಾನು ಗೌರವಿಸುವ ಆಕ್ಷೇಪ ಒಂದೇ: ಸಣ್ಣ ಊರಿನ ಸಣ್ಣ ಸಂಘಗಳ ಗತಿಯೇನು? ಸ್ವಂತ ಜೇಬಿನಿಂದ ಹಣ ಹಾಕಿ ತಿಂಗಳಿಗೊಂದು ಉಪನ್ಯಾಸ ನಡೆಸುವ ನಿವೃತ್ತ ಮೇಷ್ಟರು ಈ ನಾಡಿನ ಎಷ್ಟೋ ಊರುಗಳಲ್ಲಿದ್ದಾರೆ. ಅವರ ಮೇಲೆ ದರಪಟ್ಟಿ ಹೇರಿದರೆ ಉಪನ್ಯಾಸವೇ ನಿಲ್ಲುತ್ತದೆ. ಅವರು ಕರೆದಾಗ ಹೋಗಬೇಕು, ಬಸ್ಸಿನ ಖರ್ಚನ್ನೂ ಕೇಳದೆ ಹೋಗಬೇಕೆಂದು ನನಗೆ ಅನಿಸಿದರೆ ಹೋಗುತ್ತೇನೆ. ಆದರೆ ಅಂಥ ಮೇಷ್ಟರು ಮೊದಲೇ ಹೇಳಿಬಿಡುತ್ತಾರೆ, ‘ನಮ್ಮಲ್ಲಿ ದುಡ್ಡಿಲ್ಲ ಸಾರ್, ಊಟ ನಮ್ಮ ಮನೆಯಲ್ಲಿ’ ಎಂದು. ಮುಜುಗರಪಡುವವರು, ಮಾತನ್ನು ತೇಲಿಸುವವರು ದುಡ್ಡಿರುವ ಸಂಸ್ಥೆಗಳವರು.

ಸಂಭಾವನೆಯಿಂದ ಸಂಘಟಕರಿಗೂ ಒಂದು ಲಾಭವಿದೆ, ಅದನ್ನು ಅವರು ಗಮನಿಸಿದಂತಿಲ್ಲ. ಪುಕ್ಕಟೆ ಬಂದವರನ್ನು ಗದರುವಂತಿಲ್ಲ. ಇಪ್ಪತ್ತು ನಿಮಿಷ ಕೊಟ್ಟರೆ ಒಂದು ಗಂಟೆ ಮಾತಾಡಿದರೂ ಅಧ್ಯಕ್ಷರು ಚೀಟಿ ಕಳಿಸಿ ಕೈಮುಗಿಯಬೇಕು. ಹತ್ತು ವರ್ಷದ ಹಿಂದಿನ ಪ್ರಬಂಧವನ್ನೇ ಮತ್ತೆ ಓದಿದರೂ ಚಪ್ಪಾಳೆ ತಟ್ಟಬೇಕು. ಹಣ ಕೊಟ್ಟವರು ವಾರ ಮೊದಲೇ ಟಿಪ್ಪಣಿ ಕೇಳಬಹುದು, ಸಮಯ ಮುಗಿದಾಗ ಗಂಟೆ ಬಾರಿಸಬಹುದು. ಬಾನುಲಿ ಭಾಷಣಗಳು ಹದವಾಗಿ ಇರುತ್ತಿದ್ದುದರ ಗುಟ್ಟು ಕರಾರು ಪತ್ರದಲ್ಲೂ ಇತ್ತು.

ಕೊಡುವ ರೀತಿಯ ಬಗ್ಗೆಯೂ ಒಂದು ಮಾತು. ಸರ್ಕಾರಿ ಕಾಲೇಜುಗಳ ‘ಸಂಪನ್ಮೂಲ ವ್ಯಕ್ತಿ’ಗಳನ್ನು ಕೇಳಿದರೆ ಹೇಳುತ್ತಾರೆ: ಪಾಸ್‌ಬುಕ್ ನಕಲು, ಪ್ಯಾನ್ ಕಾರ್ಡು, ಮೂಲ ಬಸ್ ಟಿಕೆಟ್, ರೆವಿನ್ಯೂ ಸ್ಟಾಂಪಿನ ಮೇಲೆ ಸಹಿ. ಅದಾದ ಮೇಲೆ ತಿಂಗಳುಗಟ್ಟಲೆ ಮೌನ. ತೆರಿಗೆಯ ನೆಪವನ್ನೂ ಕೆಲವರು ಹೇಳುತ್ತಾರೆ, ಅದರಲ್ಲಿ ಹುರುಳಿಲ್ಲ. ವೃತ್ತಿ ಶುಲ್ಕಕ್ಕೆ ಶೇ 10 ಟಿಡಿಎಸ್ ಹಿಡಿಯಬೇಕೆಂಬ ನಿಯಮಕ್ಕೆ ಇದ್ದ ವಾರ್ಷಿಕ ಮಿತಿಯನ್ನು 2025ರ ಏಪ್ರಿಲ್‌ನಿಂದ 30,000 ರೂಪಾಯಿಯಿಂದ 50,000ಕ್ಕೆ ಏರಿಸಲಾಗಿದೆ. ನಮ್ಮ ಗೋಷ್ಠಿಗಳ ಗೌರವಧನ ಅದರ ಹತ್ತಿರಕ್ಕೂ ಸುಳಿಯುವುದಿಲ್ಲ. ಭಾಷಣ ಮುಗಿದ ಸಂಜೆಯೇ ಫೋನಿನಿಂದ ಹಣ ಕಳಿಸಲು ಇವತ್ತು ಏನು ಕಷ್ಟ?

ಕಡೆಯದಾಗಿ ಎರಡು ಕೋರಿಕೆ. ಸಂಘಟಕರು ಆಹ್ವಾನದ ಮೊದಲ ಪತ್ರದಲ್ಲೇ, ದಿನಾಂಕದ ಕೆಳಗೆ, ಮೊತ್ತವನ್ನು ಬರೆಯಲಿ. ಕೊಡುವುದು ಸೊನ್ನೆಯಾದರೆ ಸೊನ್ನೆ ಎಂದೇ ಬರೆಯಲಿ. ಇನ್ನೊಂದು ಕೋರಿಕೆ ನನ್ನಂತೆ ತಿಂಗಳ ಸಂಬಳವೋ ಪಿಂಚಣಿಯೋ ಇರುವ ಭಾಷಣಕಾರರಿಗೆ. ‘ನನಗೇಕೆ ಬಿಡಿ’ ಎಂದು ನಾವು ದೊಡ್ಡತನ ತೋರಿದಾಗಲೆಲ್ಲ ನಮ್ಮ ನಂತರ ಮಾತಾಡಲು ಬರುವ, ಸಂಬಳವಿಲ್ಲದವರ ದರವನ್ನೂ ಸೊನ್ನೆಗೆ ಇಳಿಸುತ್ತಿರುತ್ತೇವೆ. ಟಿಕೆಟ್ ಇರುವ ಕಡೆ, ಪ್ರಾಯೋಜಕರ ಬ್ಯಾನರ್ ಇರುವ ಕಡೆ ದಯವಿಟ್ಟು ಹಣ ಕೇಳಿ, ರಸೀದಿ ಕೊಟ್ಟು ತೆಗೆದುಕೊಳ್ಳಿ. ಬೇಡವಾದರೆ ಊರಿನ ಗ್ರಂಥಾಲಯಕ್ಕೆ ಕೊಡಿ.